ಅಪ್ಪನ ತಲೆಯ ಮೇಲಿನ ಗೀರು

ನೈರೋಬಿಯ ಲ್ಯಾವಿಂಗ್ಟನ್‌ನಲ್ಲಿ ನಾನು ಪಾಠ ಮಾಡುವ ಶಾಲೆ ಚಿಕ್ಕದು. ತರಗತಿಗೊಂದು ಕೋಣೆ, ಮುಂದೆ ಅಂಗಳ, ಅಂಗಳದಲ್ಲಿ ಒಂದು ಜಕರಾಂಡ ಮರ, ಮರದ ಕೆಳಗೆ ಮಕ್ಕಳನ್ನು ಕರೆದೊಯ್ಯಲು ಬಂದವರಿಗೆ ಕೂರಲು ಒಂದು ಬೆಂಚು. ಎರಡನೇ ತರಗತಿ ನನ್ನದು. ಆ ವರ್ಷ ಹದಿನಾರು ಮಕ್ಕಳಿದ್ದರು. ಟರ್ಮ್ ಶುರುವಾಗಿ ಹತ್ತು ದಿನ ಕಳೆದ ಮೇಲೆ ಹದಿನೇಳನೆಯವಳಾಗಿ ಆ ಹುಡುಗಿ ಬಂದಳು.

ಪೆರು ದೇಶದವಳು, ಏಳು ವರ್ಷ. ಅಪ್ಪನಿಗೆ ನೈರೋಬಿಗೆ ವರ್ಗವಾಗಿತ್ತು. ಅಮ್ಮ ಊರಿನಲ್ಲಿ ತಮ್ಮ ಕೆಲಸ ಮುಗಿಸಿ ಕೆಲವು ತಿಂಗಳ ನಂತರ ಬರುವವರಿದ್ದರು. ಅಲ್ಲಿಯವರೆಗೆ ಮನೆ ನೋಡಿಕೊಳ್ಳಲೆಂದು ಅಪ್ಪನ ತಾಯಿ ಜೊತೆಗೆ ಬಂದಿದ್ದರು. ಹುಡುಗಿಗೆ ಬರುತ್ತಿದ್ದುದು ಸ್ಪ್ಯಾನಿಷ್ ಒಂದೇ. ನನಗೆ ಕನ್ನಡ, ಇಂಗ್ಲಿಷ್, ಹಿಂದಿ, ತರಕಾರಿ ಕೊಳ್ಳುವಷ್ಟು ಸ್ವಾಹಿಲಿ ಬರುತ್ತಿತ್ತು. ಸ್ಪ್ಯಾನಿಷ್ ಒಂದಕ್ಷರ ಗೊತ್ತಿರಲಿಲ್ಲ.

ಸೇರಿದ ಮೂರನೇ ದಿನ ಮುಖ್ಯೋಪಾಧ್ಯಾಯಿನಿಯವರ ಕೋಣೆಯಲ್ಲಿ ಅವಳಿಗೆ ಓದಿನ ಪರೀಕ್ಷೆ ನಡೆಯಿತು. ನಾನು ಪಕ್ಕದಲ್ಲಿ ಕೂತಿದ್ದೆ. ಒಂದು ಹಾಳೆಯಲ್ಲಿ ಇಪ್ಪತ್ತು ಇಂಗ್ಲಿಷ್ ಪದಗಳು. ಹುಡುಗಿ ಬೆರಳಿಟ್ಟು ಓದತೊಡಗಿದಳು. "ಟೇಬಲ್" ಎಂದು ಓದಬೇಕಾದ ಪದವನ್ನು "ತಾಬ್ಲೆ" ಎಂದಳು. "ಸೇಮ್" ಅವಳ ಬಾಯಲ್ಲಿ "ಸಾಮೆ" ಆಯಿತು. "ಮೇಡ್" ಹೋಗಿ "ಮಾದೆ" ಆಯಿತು. ಮುಖ್ಯೋಪಾಧ್ಯಾಯಿನಿಯವರು ಪ್ರತಿ ಪದದ ಮುಂದೆಯೂ ತಪ್ಪು ಗುರುತು ಹಾಕುತ್ತ ಹೋದರು. ಆಮೇಲೆ "ನೈನ್" ಎಂಬ ಪದ ಬಂತು. ಹುಡುಗಿ ಗಟ್ಟಿಯಾಗಿ, ಸ್ಪಷ್ಟವಾಗಿ "ನೀನೆ" ಎಂದಳು.

ನಾನು ಬೆಚ್ಚಿಬಿದ್ದೆ. ಯಾರೋ ನನ್ನೂರು ಮೈಸೂರಿನಿಂದ ನನ್ನನ್ನೇ ಬೆರಳು ಮಾಡಿ ಕರೆದ ಹಾಗಾಯಿತು. ಹಾಳೆಯನ್ನು ಮತ್ತೆ ನೋಡಿದೆ. ಎನ್, ಐ, ಎನ್, ಇ. ನಿ, ನೆ. ಅವಳು ತಪ್ಪು ಓದುತ್ತಿರಲಿಲ್ಲ. ಬರೆದಿದ್ದನ್ನು ಬರೆದ ಹಾಗೆಯೇ, ಒಂದಕ್ಷರವನ್ನೂ ಬಿಡದೆ ಓದುತ್ತಿದ್ದಳು. ಇಂಗ್ಲಿಷೊಂದೇ ಹಾಗೆ ಓದಿಸಿಕೊಳ್ಳುವುದಿಲ್ಲ, ಅಷ್ಟೆ.

"ಈ ಮಗುವಿಗೆ ಓದಲು ಬರುವುದಿಲ್ಲ. ಒಂದನೇ ತರಗತಿಗೆ ಕಳಿಸೋಣ," ಎಂದರು ಮುಖ್ಯೋಪಾಧ್ಯಾಯಿನಿ.

"ಬರುತ್ತೆ ಮೇಡಂ. ತುಂಬ ಚೆನ್ನಾಗಿ ಬರುತ್ತೆ," ಎಂದೆ. ನನ್ನ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಅವಳ ಭಾಷೆಯ ನಿಯಮದಲ್ಲಿ ಓದ್ತಿದ್ದಾಳೆ. ಈ ಟರ್ಮ್ ಮುಗಿಯುವವರೆಗೆ ನನ್ನ ಹತ್ತಿರ ಬಿಡಿ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿಮಗೆ ಸ್ಪ್ಯಾನಿಷ್ ಬರುತ್ತದೆಯೇ?"

"ಇಲ್ಲ."

"ಹೇಗೆ ಕಲಿಸುತ್ತೀರಿ?"

"ದಾರಿ ಹುಡುಕ್ತೀನಿ," ಎಂದೆ. ಅವರು ಒಪ್ಪಿದರು. ಟರ್ಮಿನ ಕೊನೆಗೆ ಅವರೇ ಮತ್ತೆ ಓದಿಸಿ ನೋಡುವುದೆಂದು ಮಾತಾಯಿತು.

ಹುಡುಗಿ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ನಗುವುದೂ ಇಲ್ಲ, ಅಳುವುದೂ ಇಲ್ಲ. ನಾನು ತೋರಿಸಿದ ಕಡೆ ಕೂರುವಳು, ಹೇಳಿದ್ದನ್ನು ನಕಲು ಮಾಡುವಳು. ಬೇರೆ ಮಕ್ಕಳು ಆಟಕ್ಕೆ ಕೈಹಿಡಿದು ಎಳೆದರೆ ಹೋಗುವಳು, ಬಿಟ್ಟರೆ ಬೆಂಚಿನ ಹತ್ತಿರ ಬಂದು ನಿಲ್ಲುವಳು. ಶಾಲೆ ಬಿಡುವ ಒಂದು ಗಂಟೆ ಮೊದಲೇ ಅವಳ ಅಜ್ಜಿ ಆ ಬೆಂಚಿನ ಮೇಲೆ ಬಂದು ಕೂತಿರುತ್ತಿದ್ದರು. ಕುಳ್ಳಗೆ, ಗುಂಡಗೆ, ಎರಡು ಬಿಳಿ ಜಡೆ. ಸ್ಪ್ಯಾನಿಷ್‌ನಲ್ಲಿ ಅಜ್ಜಿಗೆ ಅಬುಯೆಲಾ ಎನ್ನುತ್ತಾರೆ. ಎರಡೇ ದಿನದಲ್ಲಿ ಇಡೀ ಶಾಲೆಗೆ ಅವರು ಅಬುಯೆಲಾ ಆದರು.

ಒಂದು ಮಧ್ಯಾಹ್ನ ನಮ್ಮ ಸಹಾಯಕ ಶಿಕ್ಷಕಿ ಒಂದನೇ ತರಗತಿಯವರನ್ನು ಮರದ ಕೆಳಗೆ ಕೂರಿಸಿಕೊಂಡು ಸ್ವಾಹಿಲಿ ಹೇಳಿಕೊಡುತ್ತಿದ್ದಳು. ಕೀನ್ಯಾದವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಹಾಡುಗಾತಿ. "ಬಾ ಬೆ ಬಿ ಬೊ ಬು" ಎಂದು ಅವಳು ಹೇಳಿಸುತ್ತಿದ್ದರೆ ಮಕ್ಕಳು ತಲೆಯಾಡಿಸುತ್ತ ಕಿರುಚುತ್ತಿದ್ದರು. ಬೆಂಚಿನ ಮೇಲಿದ್ದ ಅಬುಯೆಲಾ ಥಟ್ಟನೆ ಎದ್ದು ನಿಂತರು. ಕೈಯಲ್ಲಿ ತಾಳ ಹಾಕುತ್ತ "ಮಾ ಮೆ ಮಿ ಮೊ ಮು!" ಎಂದರು. ಶಿಕ್ಷಕಿ ಬಿಡಲಿಲ್ಲ. "ಲಾ ಲೆ ಲಿ ಲೊ ಲು!" ಎಂದಳು. ಅಬುಯೆಲಾ "ಸಾ ಸೆ ಸಿ ಸೊ ಸು!" ಎಂದು ಎದುರು ಹಾಕಿದರು. ಕಿಟಕಿಯಲ್ಲಿ ನೋಡುತ್ತಿದ್ದ ನನಗೆ ತಡೆಯಲಾಗಲಿಲ್ಲ. ಹೊರಗೋಡಿ ಬಂದು "ಕ ಕಾ ಕಿ ಕೀ ಕು ಕೂ" ಎಂದು ನಮ್ಮ ಕಾಗುಣಿತ ಶುರು ಮಾಡಿದೆ. ಅಬುಯೆಲಾ ನನ್ನ ಎರಡೂ ಕೈ ಹಿಡಿದು ಕುಲುಕಿಬಿಟ್ಟರು.

ಫೋನಿನ ಅನುವಾದದ ಮೂಲಕ ತಿಳಿದದ್ದು ಇಷ್ಟು: ಅವರು ಮೂವತ್ತೆರಡು ವರ್ಷ ಬೆಟ್ಟದೂರಿನ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವರು. ಮೊಮ್ಮಗಳಿಗೆ ನಾಲ್ಕು ವರ್ಷಕ್ಕೇ ಓದು ಕಲಿಸಿದವರೂ ಅವರೇ. ಮನೆಯಲ್ಲಿ ಸುಮ್ಮನೆ ಕೂತು ಬೇಜಾರಾಗಿ ಬೇಗ ಬರುತ್ತಿದ್ದರಂತೆ. ನಾನು ಫೋನಿಗೆ ಹೇಳಿದೆ: "ಅವಳಿಗೆ ಎರಡೂ ಭಾಷೆಯಲ್ಲಿ ಓದಲು ಪುಸ್ತಕ ಮಾಡೋಣ. ನೀವು ನನಗೆ ಸಹಾಯ ಮಾಡ್ತೀರಾ?" ಫೋನು ಅದನ್ನು ಸ್ಪ್ಯಾನಿಷ್‌ನಲ್ಲಿ ಒಪ್ಪಿಸಿತು. ಅಬುಯೆಲಾ ಚೀಲ ತೆಗೆದು ಕನ್ನಡಕ ಹಾಕಿಕೊಂಡು, ಪೆನ್ನು ಕೈಗೆತ್ತಿಕೊಂಡು ಕೂತರು.

ಅವತ್ತಿನಿಂದ ದಿನಾ, ಮಕ್ಕಳು ಆಟಕ್ಕೆ ಹೋಗುವ ಆ ಕೊನೆಯ ಒಂದು ಗಂಟೆ ನಮ್ಮದು. ಮೊದಲು ಕೋಣೆಯ ವಸ್ತುಗಳಿಗೆಲ್ಲ ಚೀಟಿ ಅಂಟಿಸಿದೆವು. ಸ್ಪ್ಯಾನಿಷ್ ಕೆಂಪಿನಲ್ಲಿ, ಇಂಗ್ಲಿಷ್ ನೀಲಿಯಲ್ಲಿ. ಅಬುಯೆಲಾ ಮೇಜಿನ ಮೇಲೆ ಕೈಯಿಟ್ಟು "ಮೆಸಾ" ಎಂದರು.

"ಮೆಜಾ! ನಮ್ಮಲ್ಲೂ ಅದೇ, ಮೆಜಾ!" ಎಂದು ಶಿಕ್ಷಕಿ ಕುಣಿದಳು.

"ನಮ್ಮಲ್ಲಿ ಮೇಜು," ಎಂದೆ ನಾನು.

ಮೂವರೂ ಮೇಜನ್ನು ತಟ್ಟಿ ತಟ್ಟಿ ನಕ್ಕೆವು. ಚಹಾಕ್ಕೆ ಹಾಕುವ ಸಕ್ಕರೆಗೆ ಬಂದಾಗಲಂತೂ ನಮಗೆ ಹುಚ್ಚೇ ಹಿಡಿಯಿತು. ಸ್ಪ್ಯಾನಿಷ್‌ನಲ್ಲಿ ಅಸೂಕರ್, ಸ್ವಾಹಿಲಿಯಲ್ಲಿ ಸುಕಾರಿ, ಕನ್ನಡದಲ್ಲಿ ಸಕ್ಕರೆ, ಇಂಗ್ಲಿಷ್‌ನಲ್ಲಿ ಶುಗರ್. ಭೂಮಿಯ ಮೂರು ಮೂಲೆಯ ಮೂರು ಹೆಂಗಸರು ಒಂದು ಸಕ್ಕರೆ ಡಬ್ಬಿಯ ಸುತ್ತ ನಿಂತು ಕೂಗುತ್ತಿದ್ದುದನ್ನು ಕಂಡು ಕಾವಲುಗಾರ ಬಾಗಿಲಲ್ಲಿ ಇಣುಕಿ ಹೋದ.

ಚಿತ್ರದ ಕಾರ್ಡುಗಳನ್ನು ಮನೆಯಲ್ಲಿ ಮಾಡಿದೆ. ನಮ್ಮ ಮನೆ ಹರ್ಲಿಂಗ್‌ಹ್ಯಾಮ್‌ನ ಅಂಗಡಿಸಾಲಿನ ಹಿಂದೆ. ನನ್ನ ಗಂಡ ಔಷಧಿ ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ಇಂಜಿನಿಯರ್. ಮಾತ್ರೆಯ ಅಂಚು ಕೂದಲೆಳೆಯಷ್ಟು ಮುರಿದಿದ್ದರೂ ಇಡೀ ಪೆಟ್ಟಿಗೆ ವಾಪಸು ಕಳಿಸುವವರು. ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು ಕತ್ತರಿ ಹಿಡಿದು ಕೂತವರು ಮಧ್ಯಾಹ್ನದವರೆಗೆ ಏಳಲಿಲ್ಲ.

"ಇದೇನೇ ಇಷ್ಟು ಶಾರ್ಪ್ ಆಗಿ ಕಟ್ ಮಾಡಿದೀಯ? ಮಕ್ಕಳ ಕೈಗೆ ಚುಚ್ಚಲ್ವಾ? ಕಾರ್ನರ್ ಎಲ್ಲ ರೌಂಡ್ ಮಾಡ್ಬೇಕು."

"ನೂರಾ ಇಪ್ಪತ್ತು ಕಾರ್ಡ್ ಇದೆ ರೀ."

"ಇರಲಿ ಬಿಡು. ನಾಲ್ಕು ಕಾರ್ನರ್ ಅಂದ್ರೆ ನಾನೂರ ಎಂಬತ್ತು. ಕೊಡು ಇಲ್ಲಿ."

ಕಾರ್ಡುಗಳು ಚೆನ್ನಾಗಿ ನಡೆದವು. ಹುಡುಗಿ ಕೆಂಪು ಪದವನ್ನು ನೋಡಿದ ಕೂಡಲೇ ಚಿತ್ರಕ್ಕೆ ಜೋಡಿಸುತ್ತಿದ್ದಳು. ಆಮೇಲೆ ನೀಲಿ ಪದವನ್ನು ಕೆಳಗಿಟ್ಟು ಬಹಳ ಹೊತ್ತು ನೋಡುತ್ತಿದ್ದಳು. ಅವಳ ತುಟಿ ಅಲುಗುವುದು ನನಗೆ ಕಾಣುತ್ತಿತ್ತು. ದನಿ ಮಾತ್ರ ಹೊರಡುತ್ತಿರಲಿಲ್ಲ. ಐದನೇ ವಾರ ಮುಗಿಯಿತು. ನನಗೆ ಒಳಗೊಳಗೇ ಅಳುಕು. ಕಾರ್ಡು ಜೋಡಿಸಿದರೆ ಓದಿದಂತೆ ಆಗುವುದಿಲ್ಲ. ಪದಗಳನ್ನು ಬಿಟ್ಟು ವಾಕ್ಯಕ್ಕೆ ಹೋಗಬೇಕು, ಅವಳದೇ ಮನೆಯ ವಾಕ್ಯಕ್ಕೆ.

ಅಬುಯೆಲಾಗೆ ಕೇಳಿದೆ. ಅವರು ಮರದ ಕೆಳಗೆ ಕೂತು ಎಂಟು ವಾಕ್ಯ ಬರೆದುಕೊಟ್ಟರು. ಹುಡುಗಿಯ ಅಪ್ಪನ ಬಗ್ಗೆ, ಅಂದರೆ ತಮ್ಮ ಮಗನ ಬಗ್ಗೆಯೇ. ನನ್ನ ಅಪ್ಪ ಎತ್ತರ ಇದ್ದಾನೆ. ನನ್ನ ಅಪ್ಪನಿಗೆ ಮೀಸೆ ಇದೆ. ನನ್ನ ಅಪ್ಪ ತಣ್ಣೀರಿನಲ್ಲಿ ಸ್ನಾನ ಮಾಡುತ್ತಾನೆ. ನನ್ನ ಅಪ್ಪ ಆಫೀಸಿಗೆ ಹೋಗುತ್ತಾನೆ. ಭಾನುವಾರ ನನ್ನ ಅಪ್ಪ ತುಂಬ ನಿದ್ದೆ ಮಾಡುತ್ತಾನೆ. ಹೀಗೆ. ಪುಟಕ್ಕೊಂದು ವಾಕ್ಯ, ಮೇಲೆ ಸ್ಪ್ಯಾನಿಷ್, ಕೆಳಗೆ ಇಂಗ್ಲಿಷ್, ನಡುವೆ ಮಕ್ಕಳು ಚಿತ್ರ ಬರೆಯಲು ಖಾಲಿ ಜಾಗ. ಗಂಡ ಅದನ್ನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿಕೊಟ್ಟರು. ಶನಿವಾರ ಮಟಾಟು ಎಂಬ ಇಲ್ಲಿನ ಮಿನಿಬಸ್ಸು ಹತ್ತಿ ನ್ಗಾರಾ ಪೇಟೆಗೆ ಹೋಗಿ, ನಮ್ಮ ಕನ್ನಡದವರೆಲ್ಲ ಲಗ್ನಪತ್ರಿಕೆ ಮಾಡಿಸುವ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ಮುದ್ರಿಸಿ, ಸುರುಳಿ ತಂತಿ ಹಾಕಿಸಿಕೊಂಡು ಬಂದೆ. ಹದಿನೆಂಟು ಪ್ರತಿ. ವಾಪಸು ಬರುವಾಗ ಮಟಾಟುವಿನ ಹಾಡಿನ ಅಬ್ಬರದಲ್ಲಿ ತೊಡೆಯ ಮೇಲೆ ಪುಸ್ತಕಗಳ ಕಟ್ಟು ಇನ್ನೂ ಬೆಚ್ಚಗಿತ್ತು. ಕಾಗದ ಬಿಚ್ಚಿ ಬಿಚ್ಚಿ ನೋಡಿದೆ. ಪಕ್ಕದ ಹೆಂಗಸೂ ಬಗ್ಗಿ ನೋಡಿ, "ನ್ಜೂರಿ ಸಾನಾ," ತುಂಬ ಚೆನ್ನಾಗಿದೆ, ಎಂದಳು.

ಸೋಮವಾರ ಎಲ್ಲರ ಕೈಗೂ ಒಂದೊಂದು ಪುಸ್ತಕ ಕೊಟ್ಟು ನಾನೇ ಮೊದಲು ಓದಿದೆ. ಅಬುಯೆಲಾ ಹೇಳಿಕೊಟ್ಟಿದ್ದ ಪಾಠ ನೆನಪಿತ್ತು: ಸ್ಪ್ಯಾನಿಷ್‌ನಲ್ಲಿ ಬರೆದ ಹಾಗೆ ಓದು, ಹೆದರಬೇಡ. ಹೆದರದೆ ಓದಿದೆ. "ಮಿ ಪಾಪ ಎಸ್ ಆಲ್ತೊ." ನನ್ನ ಅಪ್ಪ ಎತ್ತರ ಇದ್ದಾನೆ.

ಹುಡುಗಿ ತಲೆಯೆತ್ತಿದಳು.

"ಮಿ ಪಾಪ ತಿಯೆನೆ ಬಿಗೋತೆ." ನನ್ನ ಅಪ್ಪನಿಗೆ ಮೀಸೆ ಇದೆ.

ಅವಳ ಕೆನ್ನೆ ಉಬ್ಬಿತು. ತುಟಿ ಬಿಗಿಹಿಡಿದಳು. ನಾನು ಸ್ನಾನದ ಪುಟಕ್ಕೆ ಬರುವ ಹೊತ್ತಿಗೆ ತಡೆಯಲಾರದೆ ಫಕ್ಕನೆ ನಕ್ಕಳು. ಅದೆಂಥ ನಗು! ಮೇಜಿನ ಮೇಲೆ ತಲೆಯಿಟ್ಟು, ಹೊಟ್ಟೆ ಹಿಡಿದುಕೊಂಡು, ಕಾಲು ನೆಲಕ್ಕೆ ಬಡಿಯುತ್ತ. ಐದು ವಾರ ಅವಳ ದನಿಯನ್ನೇ ಕೇಳದಿದ್ದ ಹದಿನಾರು ಮಕ್ಕಳು ಏನೂ ಅರ್ಥವಾಗದಿದ್ದರೂ ಅವಳ ಜೊತೆ ನಗತೊಡಗಿದರು. ನಾನು ಪುಸ್ತಕ ಹಿಡಿದು ಪೆಚ್ಚಾಗಿ ನಿಂತೆ.

ಹುಡುಗಿ ಎದ್ದು ಬೋರ್ಡಿನ ಹತ್ತಿರ ಬಂದಳು. ನನ್ನ ಕೈಯಿಂದ ಮಾರ್ಕರ್ ತೆಗೆದುಕೊಂಡಳು. "ಪಾಪ" ಎಂಬ ಪದವನ್ನು ಪುಸ್ತಕದಲ್ಲಿದ್ದಂತೆಯೇ ಬರೆದು, ಪಕ್ಕದಲ್ಲಿ ಒಂದು ದೊಡ್ಡ ಉಂಡೆ ಬರೆದು ಅದರ ಮೈಮೇಲೆ ಚುಕ್ಕೆಗಳನ್ನಿಟ್ಟಳು. "ಪೊಟೇಟೊ," ಎಂದಳು. ಇಂಗ್ಲಿಷ್‌ನಲ್ಲಿ! ಅದರ ಕೆಳಗೆ ಅದೇ ಪದವನ್ನು ಮತ್ತೆ ಬರೆದಳು. ಈ ಸಲ ಕೊನೆಯ ಅಕ್ಷರದ ತಲೆಯ ಮೇಲೆ ಓರೆಯಾಗಿ ಒಂದು ಗೀರು ಎಳೆದಳು. ಪಕ್ಕದಲ್ಲಿ ಮೀಸೆಯ ಮನುಷ್ಯನನ್ನು ಬರೆದು, ಎದೆ ಮುಟ್ಟಿಕೊಂಡು, "ಪಪಾ! ಮೈ ಪಪಾ!" ಎಂದಳು.

ಅಬುಯೆಲಾ ಬರೆದ ಗೀರು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಗೀರಿಲ್ಲದೆ ಅಪ್ಪ ಆಲೂಗಡ್ಡೆಯಾಗಿದ್ದ. ನನ್ನ ಆಲೂಗಡ್ಡೆ ಎತ್ತರ ಇದೆ, ನನ್ನ ಆಲೂಗಡ್ಡೆಗೆ ಮೀಸೆ ಇದೆ, ನನ್ನ ಆಲೂಗಡ್ಡೆ ತಣ್ಣೀರಿನಲ್ಲಿ ಸ್ನಾನ ಮಾಡಿ ಆಫೀಸಿಗೆ ಹೋಗುತ್ತದೆ ಎಂದು ನಾನು ಗಂಭೀರವಾಗಿ ಓದುತ್ತಿದ್ದೆ.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿದ್ದ ಒಬ್ಬಳು ಕೈಯೆತ್ತಿ, "ಟೀಚರ್, ಸ್ವಾಹಿಲಿಯಲ್ಲಿ ಪಾಪ ಅಂದ್ರೆ ಶಾರ್ಕ್ ಮೀನು!" ಎಂದಳು. ತರಗತಿ ಮತ್ತೆ ಹೋ ಎಂದಿತು. ಹುಡುಗಿಗೆ ಅದು ತಿಳಿಯಲಿಲ್ಲ. ಆ ಮಗುವೇ ಎದ್ದು ಬಂದು ಆಲೂಗಡ್ಡೆಯ ಪಕ್ಕದಲ್ಲಿ ಹಲ್ಲು ಕಿರಿದ ಶಾರ್ಕ್ ಬರೆದಳು. ಇಬ್ಬರೂ ಬೋರ್ಡಿನ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಂತರು. ನನ್ನ ಭಾಷೆಯಲ್ಲಿ ಏನೆಂದು ಎಲ್ಲರೂ ಕೇಳಿದರು. ಯಾರಿಗಾದರೂ ಕಷ್ಟವಾದರೆ ನಾವು "ಅಯ್ಯೋ ಪಾಪ" ಎನ್ನುತ್ತೇವೆ ಎಂದೆ. ಆಮೇಲೆ ವಾರವಿಡೀ ಯಾರು ಬಿದ್ದರೂ, ಯಾರ ಪೆನ್ಸಿಲ್ ಮುರಿದರೂ ಹದಿನೇಳು ಬಾಯಿಂದ ಅಯ್ಯೋ ಪಾಪ.

ಸಂಜೆ ಗಂಡನಿಗೆ ಪುಸ್ತಕ ತೋರಿಸಿದೆ.

"ಇಲ್ಲಿ ಗೀರು ಇತ್ತಲ್ಲ ರೀ, ಅಜ್ಜಿ ಬರೆದಿದ್ದರಲ್ಲಿ. ಎಲ್ಲಿ ಹೋಯ್ತು?"

"ಅದು ಗೀರಾ? ಪೆನ್ ಜಾರಿದೆ ಅಂದ್ಕೊಂಡೆ ಕಣೇ. ವಯಸ್ಸಾದವರು, ಕೈ ನಡುಗತ್ತೆ ಅಂತ ಎಲ್ಲಾ ಕ್ಲೀನ್ ಮಾಡಿ ಟೈಪ್ ಮಾಡ್ದೆ."

"ಗುಣಮಟ್ಟದ ಇಂಜಿನಿಯರ್ರು!"

ಅವರು ತಲೆ ಕೆರೆದುಕೊಂಡರು. ಆಮೇಲೆ ಅವರಿಗೇ ನಗು ಬಂತು. "ಅಂದ್ರೆ ನಾನು ಒಬ್ಬ ಮನುಷ್ಯನ್ನ ಆಲೂಗಡ್ಡೆ ಮಾಡ್ಬಿಟ್ನಾ?"

ಪುಸ್ತಕವನ್ನು ಮತ್ತೆ ಮುದ್ರಿಸುವುದೆಂದುಕೊಂಡಿದ್ದೆ. ಅಬುಯೆಲಾ ಬೇಡವೆಂದರು. ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ಚೀಲದಿಂದ ಒಂದು ಕೆಂಪು ಪೆನ್ಸಿಲ್ ತೆಗೆದು ಮೊಮ್ಮಗಳ ಕೈಗೆ ಕೊಟ್ಟರು. ಮಾರನೇ ದಿನ ಹುಡುಗಿ ತರಗತಿಯಲ್ಲಿ ಮೇಜಿನಿಂದ ಮೇಜಿಗೆ ತಿರುಗಿ ಪ್ರತಿಯೊಬ್ಬರಿಗೂ ಗೀರು ಎಲ್ಲಿ ಹಾಕಬೇಕೆಂದು ತೋರಿಸಿದಳು. "ಹಿಯರ್. ನೋ, ನೋ. ಹಿಯರ್." ಯಾರೋ ಉದ್ದ ಗೀರು ಎಳೆದರೆ "ಸ್ಮಾಲ್!" ಎಂದು ಗದರಿದಳು. ಎಲ್ಲರಿಗೂ "ಪಪಾ" ಎಂದು ಸರಿಯಾಗಿ ಹೇಳಲು ಬರುವವರೆಗೆ ಬಿಡಲಿಲ್ಲ. ನಾನು ಹಿಂದಿನ ಕುರ್ಚಿಯಲ್ಲಿ ಕೂತು ನೋಡಿದೆ. ಪಾಠ ಮಾಡುತ್ತಿದ್ದವಳು ಅವಳು.

ಎರಡನೆಯ ಪುಸ್ತಕವನ್ನು ಮಕ್ಕಳೇ ಮಾಡಿದರು. ಆಫೀಸಿಗೆ ಹೋಗುವ ಆಲೂಗಡ್ಡೆಯೂ ಅದರ ಗೆಳೆಯನಾದ ಶಾರ್ಕೂ ಮಟಾಟು ಹತ್ತುವ ಕತೆ. ಹುಡುಗಿ ಸ್ಪ್ಯಾನಿಷ್‌ನಲ್ಲಿ ಬರೆಯುತ್ತಿದ್ದಳು, ಶಾರ್ಕ್ ಬರೆದ ಗೆಳತಿ ಇಂಗ್ಲಿಷ್‌ನಲ್ಲಿ. ಒಬ್ಬರ ಪದ ಇನ್ನೊಬ್ಬರಿಗೆ ಬೇಕಾದಾಗ ಕಾರ್ಡಿನ ಡಬ್ಬಿಗೆ ಓಡುತ್ತಿದ್ದರು. ಮೂರನೆಯದು ಮಳೆಯ ಮೇಲೆ, ನಾಲ್ಕನೆಯದು ಊಟದ ಡಬ್ಬಿಯ ಮೇಲೆ. ನಾನು ಬೆಳಿಗ್ಗೆ ಎದ್ದ ಕೂಡಲೇ ಶಾಲೆಗೆ ಓಡುವ ಅವಸರದಲ್ಲಿ ಕಾಫಿ ಕುಡಿಯುವುದನ್ನೇ ಮರೆಯುತ್ತಿದ್ದೆ. ಸಹಾಯಕ ಶಿಕ್ಷಕಿ ಗೇಟಿನಲ್ಲೇ ಕಾದು, "ಮ್ವಾಲಿಮು, ನನಗೊಂದು ಉಪಾಯ ಹೊಳೆದಿದೆ," ಎಂದು ಶುರು ಮಾಡುತ್ತಿದ್ದಳು. ಮ್ವಾಲಿಮು ಎಂದರೆ ಶಿಕ್ಷಕಿ. ದಿನಕ್ಕೊಂದು ಉಪಾಯ. ಅರ್ಧದಷ್ಟು ಕೈಗೂಡುತ್ತಿರಲಿಲ್ಲ. ಪದ ತಿರುಗಿಸುವ ಚಕ್ರವೊಂದನ್ನು ಮಾಡಿದ್ದೆವು, ಅದು ತಿರುಗಿದ್ದು ಒಂದೇ ದಿನ.

ಟರ್ಮಿನ ಕೊನೆಯ ವಾರ ಮುಖ್ಯೋಪಾಧ್ಯಾಯಿನಿಯವರು ಹುಡುಗಿಯನ್ನು ಕರೆಸಿದರು. ಅಬುಯೆಲಾ ಹೊರಗೆ ಬೆಂಚಿನ ಮೇಲೆ ಜಪಮಾಲೆ ಹಿಡಿದು ಕೂತರು. ಒಳಗೆ ನಾನು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತೆ. ಈ ಸಲ ಹಾಳೆಯಲ್ಲಿ ಅವಳು ಎಂದೂ ನೋಡಿರದ ಒಂದು ಚಿಕ್ಕ ಕತೆ ಇತ್ತು, ಅಡುಗೆಮನೆಯಲ್ಲಿ ಅಮ್ಮನಿಗೆ ಸಹಾಯ ಮಾಡುವ ಮಗುವಿನದು.

ಅವಳು ನಿಧಾನವಾಗಿ ಓದಿದಳು. ಎಡವಿದಳು, ಹಿಂದೆ ಹೋದಳು, ಮತ್ತೆ ಓದಿದಳು. "ಟೇಬಲ್" ಬಂದಾಗ ನಾನು ಹಾಳೆಯತ್ತ ಬಗ್ಗಿದೆ. "ಟೇಬಲ್," ಎಂದಳು, ಅದರಲ್ಲೇನಿದೆ ಎಂಬಂತೆ. ನಾಲ್ಕನೇ ಸಾಲಿನಲ್ಲಿ ಚಾಕು ಎಂಬರ್ಥದ "ನೈಫ್" ಬಂತು. ಅಲ್ಲಿ ನಿಂತುಬಿಟ್ಟಳು. ಬಹಳ ಹೊತ್ತು ನೋಡಿದಳು. ಪಕ್ಕದ ಚಿತ್ರ ನೋಡಿದಳು. ಆಮೇಲೆ "ನೈಫ್" ಎಂದು ಓದಿ, ಮೊದಲ ಅಕ್ಷರವಾದ ಕೆ ಮೇಲೆ ಬೆರಳಿಟ್ಟು ಮುಖ್ಯೋಪಾಧ್ಯಾಯಿನಿಯವರನ್ನೇ ಕೇಳಿದಳು:

"ದಿಸ್ ಒನ್, ನೋ ಟಾಕ್?"

"ಇಲ್ಲ, ಅದು ಮಾತಾಡುವುದಿಲ್ಲ," ಎಂದರು ಅವರು.

"ವೈ ಹಿಯರ್?"

ಮಾತಾಡದಿದ್ದರೆ ಇಲ್ಲಿ ಯಾಕಿದೆ? ಮುಖ್ಯೋಪಾಧ್ಯಾಯಿನಿ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಇಬ್ಬರಿಗೂ ಗೊತ್ತಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು ಮೊದಲ ಬಾರಿಗೆ ನನ್ನೆದುರು ಮನಸಾರೆ ನಕ್ಕರು.

"ನಿಮ್ಮ ತರಗತಿಯಲ್ಲೇ ಇರಲಿ," ಎಂದರು. "ಆ ಪುಸ್ತಕಗಳನ್ನು ನನಗೂ ತೋರಿಸಿ. ಮೂರನೇ ತರಗತಿಗೆ ಕೊಡಲು ಬರುತ್ತದೆಯೇ ನೋಡೋಣ. ಮತ್ತೆ ಆ ಅಜ್ಜಿಯನ್ನು ಕೇಳಿ, ಬುಧವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಮಕ್ಕಳಿಗೆ ಓದಿ ಹೇಳುತ್ತಾರಾ ಅಂತ."

ನಾನು ಹೊರಗೋಡಿದೆ. ಫೋನು ತೆಗೆಯಬೇಕೆಂದೂ ನೆನಪಾಗಲಿಲ್ಲ, ಕನ್ನಡದಲ್ಲೇ ಕೂಗಿದೆ: "ಪಾಸಾದಳು! ಓದಿದಳು ಅಜ್ಜೀ, ಪೂರ್ತಿ ಓದಿದಳು!" ಅಬುಯೆಲಾಗೆ ಅರ್ಥವಾಯಿತು. ಜಪಮಾಲೆ ಸಮೇತ ನನ್ನ ಕುತ್ತಿಗೆ ಅಪ್ಪಿಕೊಂಡರು. ಸಹಾಯಕ ಶಿಕ್ಷಕಿ ಎಲ್ಲಿಂದಲೋ ಬಂದು ಇಬ್ಬರನ್ನೂ ಸೇರಿಸಿ ತಬ್ಬಿದಳು. ಬುಧವಾರದ ವಿಷಯ ಫೋನು ಹೇಳಿದಾಗ ಅಬುಯೆಲಾ ಜಡೆ ಸರಿಮಾಡಿಕೊಂಡು ನೆಟ್ಟಗೆ ನಿಂತರು, ನಾಳೆಯೇ ಇನ್ಸ್ಪೆಕ್ಷನ್ ಇದೆಯೇನೋ ಎಂಬಂತೆ.

ಸಂತೋಷಕ್ಕೆ ಏನಾದರೂ ತಿನ್ನೋಣವೆಂದು ಎಲ್ಲರೂ ಗೇಟು ದಾಟಿದೆವು. ರಸ್ತೆಯಾಚೆ ಒಬ್ಬ ಮುದುಕ ಇದ್ದಿಲ ಮೇಲೆ ಜೋಳದ ತೆನೆ ಸುಡುತ್ತಿದ್ದ. ನಾನು ಪರ್ಸ್ ತೆಗೆಯುವಷ್ಟರಲ್ಲಿ ಹುಡುಗಿ ನನ್ನ ಕೈ ಬಿಡಿಸಿಕೊಂಡು ಅವನ ಮುಂದೆ ಹೋಗಿ ನಿಂತಳು.

"ನಿಪೆ ಮಹಿಂದಿ ನ್ನೆ," ಎಂದಳು. "ಪಿಲಿಪಿಲಿ ಕಿದೋಗೊ."

ನಾಲ್ಕು ತೆನೆ ಕೊಡಿ, ಖಾರ ಸ್ವಲ್ಪ. ಮುದುಕ "ಸವಾ, ಸವಾ," ಆಯ್ತು ಆಯ್ತು, ಎಂದು ಒಳ್ಳೆಯ ತೆನೆ ಆರಿಸತೊಡಗಿದ. ನಾವು ಮೂವರೂ ಬಾಯಿ ಬಿಟ್ಟು ನಿಂತೆವು. ನಮ್ಮ ಯಾವ ಕಾರ್ಡಿನಲ್ಲೂ ಸ್ವಾಹಿಲಿ ಇರಲಿಲ್ಲ.

"ನೀನು ಕಲಿಸಿದೆಯಾ?" ಎಂದು ಸಹಾಯಕ ಶಿಕ್ಷಕಿಯನ್ನು ಕೇಳಿದೆ.

"ಇಲ್ಲ ಮ್ವಾಲಿಮು. ನೀವಲ್ಲವಾ?"

ಹುಡುಗಿ ಬಿಸಿ ತೆನೆಗಳನ್ನು ಸಿಪ್ಪೆಯಲ್ಲಿ ಸುತ್ತಿಸಿಕೊಂಡು, ಒಂದೊಂದನ್ನೇ ನಮ್ಮ ಕೈಗೆ ಹಂಚಿದಳು.